ಸ್ಟೋರ್ ಮ್ಯಾನೇಜರ್ ಕೆಲಸಕ್ಕೆ ಹೊರಟಿದ್ದೀರಾ? ಸುತ್ತು ಸುತ್ತಿನ ಲೆಕ್ಕ ಇಲ್ಲಿದೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ. ಬಳ್ಳಾರಿಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಾನು ಇಂಟರ್‌ವ್ಯೂಗೆ ನಿಂತಿದ್ದೆ. ಹೌದು, ನಿಂತೇ ಇದ್ದೆ. ಏರಿಯಾ ಮ್ಯಾನೇಜರ್ ಕುರ್ಚಿ ತೋರಿಸಲಿಲ್ಲ, ಅಂಗಡಿ ಸುತ್ತಿಸುತ್ತಲೇ ಪ್ರಶ್ನೆ ಕೇಳುತ್ತಿದ್ದರು.

‘ಗಿರಾಕಿಗಳೇ ಇಲ್ಲವಲ್ಲ, ಯಾಕೆ?’

‘ಹೊರಗೆ 41 ಡಿಗ್ರಿ ಇದೆ ಸರ್. ಈ ಬಿಸಿಲಲ್ಲಿ ಬಳ್ಳಾರಿ ಜನ ಮನೆ ಬಿಟ್ಟು ಬರಲ್ಲ. ಆರು ಗಂಟೆ ಮೇಲೆ ನೋಡಿ, ಕಾಲಿಡೋಕೆ ಜಾಗ ಇರಲ್ಲ.’

ಅವರು ನಕ್ಕರು. ನಾನು ಗೆದ್ದೆ ಅಂದುಕೊಂಡೆ. ಆಗ ಎರಡನೇ ಪ್ರಶ್ನೆ ಬಂತು. ‘ಹಾಗಾದ್ರೆ ಈ ಹದಿನಾಲ್ಕು ಜನ ಸ್ಟಾಫ್ ಈಗ ಇಲ್ಲಿ ಏನು ಮಾಡ್ತಿದ್ದಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕೆಲಸ ಸಿಗಲಿಲ್ಲ.

ನಮ್ಮದು ಕಿರಾಣಿ ಅಂಗಡಿ ಮನೆತನ. ಹತ್ತನೇ ವಯಸ್ಸಿಗೇ ಗಲ್ಲಾ ಮುಂದೆ ಕೂತವನು ನಾನು. ಗಿರಾಕಿ ಯಾವಾಗ ಬರುತ್ತಾನೆ, ಯಾವಾಗ ಬರಲ್ಲ ಅನ್ನೋದು ಗೊತ್ತಿತ್ತು. ಆದರೆ ಅದನ್ನು ಇಟ್ಟುಕೊಂಡು ಮ್ಯಾನೇಜರ್ ಆದವನು ಏನು ಮಾಡಬೇಕು ಅನ್ನೋದು ಗೊತ್ತಿರಲಿಲ್ಲ. ಆಮೇಲೆ ಮೂರು ಕಡೆ ಓಡಾಡಿ, ಎರಡು ಕಡೆ ಸೋತು, ಕೊನೆಗೆ ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್ ಆದೆ. ಈಗ ಮೇಜಿನ ಆ ಕಡೆಯೂ ಕೂರುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ ಹುಡುಗಿಯರು ಅದೇ ತಪ್ಪು ಮಾಡೋದನ್ನು ನೋಡುತ್ತಲೇ ಇರುತ್ತೇನೆ. ಅಂಗಡಿ ವ್ಯವಹಾರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಇಂಟರ್‌ವ್ಯೂನಲ್ಲಿ ಅದನ್ನು ಮನೆಯಲ್ಲೇ ಬಿಟ್ಟು ಬಂದು, ಯಾರೋ ಬರೆದುಕೊಟ್ಟ ಇಂಗ್ಲಿಷ್ ವಾಕ್ಯ ಒಪ್ಪಿಸುತ್ತಾರೆ.

ಮೊದಲು ಯಾವ ಹುದ್ದೆ ಅಂತ ನೋಡಿ

ಜಾಹೀರಾತಿನಲ್ಲಿ ‘ಮ್ಯಾನೇಜರ್’ ಅಂತ ಇದ್ದರೂ ಅದರಲ್ಲಿ ಮೂರ್ನಾಲ್ಕು ಮೆಟ್ಟಿಲು ಇವೆ. ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಒಂದು ವಿಭಾಗ ನೋಡುತ್ತಾರೆ. ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್ ಕೈಯಲ್ಲಿ ಸಾಮಾನ್ಯವಾಗಿ ಸ್ಟಾಕ್, ಕ್ಯಾಶ್, ಡ್ಯೂಟಿ ಪಟ್ಟಿ ಇರುತ್ತವೆ. ಇಡೀ ಅಂಗಡಿಯ ಲಾಭ ನಷ್ಟಕ್ಕೆ ಸ್ಟೋರ್ ಮ್ಯಾನೇಜರ್ ಜವಾಬ್ದಾರಿ. ಅವರ ಮೇಲೆ ಹಲವು ಅಂಗಡಿ ನೋಡೋ ಏರಿಯಾ ಅಥವಾ ಕ್ಲಸ್ಟರ್ ಮ್ಯಾನೇಜರ್. ಈಗಷ್ಟೇ ಬಿಕಾಂ, ಬಿಬಿಎ ಮುಗಿಸಿದವರು ಟ್ರೈನಿ ಅಥವಾ ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಹುದ್ದೆಗೆ ಹಾಕಿ. ಅಂಗಡಿಯಲ್ಲಿ ಮೂರ್ನಾಲ್ಕು ವರ್ಷ ದುಡಿದಿದ್ದರೆ ಅಸಿಸ್ಟೆಂಟ್ ಹುದ್ದೆಗೆ ಧೈರ್ಯವಾಗಿ ಹಾಕಿ.

ದಿನಸಿ ಅಂಗಡಿ ಬೇರೆ, ಬಟ್ಟೆ ಅಂಗಡಿ ಬೇರೆ ಅನ್ನೋದೂ ನೆನಪಿರಲಿ. ದಿನಸಿಯಲ್ಲಿ ಎಕ್ಸ್‌ಪೈರಿ, ಕೊಳೆತ ತರಕಾರಿ, ತೂಕ ಇವೇ ತಲೆನೋವು. ಬಟ್ಟೆಯಲ್ಲಿ ಸೈಜ್, ಸೀಸನ್, ಟ್ರಯಲ್ ರೂಮ್.

ಕೆಲಸ ಎಲ್ಲಿ ಸಿಗುತ್ತದೆ? ಕಂಪನಿಯ ಸ್ವಂತ ವೆಬ್‌ಸೈಟಿನ ಕೆರಿಯರ್ ಪುಟ, ನೌಕ್ರಿ, ಲಿಂಕ್ಡ್‌ಇನ್, ಅಪ್ನಾ ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ದಾರಿ ಅಂದರೆ ರಸ್ತೆ. ಹೊಸ ಕಟ್ಟಡದ ಗಾಜಿಗೆ ಪೇಪರ್ ಅಂಟಿಸಿ ‘ಶೀಘ್ರದಲ್ಲೇ ಆರಂಭ’ ಅಂತ ಬೋರ್ಡ್ ಹಾಕಿದ್ದು ಕಂಡರೆ ಗಾಡಿ ನಿಲ್ಲಿಸಿ. ಹೊಸ ಅಂಗಡಿಗೆ ಇಡೀ ತಂಡವನ್ನೇ ಒಟ್ಟಿಗೆ ತೆಗೆದುಕೊಳ್ಳುತ್ತಾರೆ, ಅದೂ ಬಾಗಿಲು ತೆಗೆಯೋ ಒಂದೆರಡು ತಿಂಗಳು ಮೊದಲೇ. ಒಳಗೆ ಕೆಲಸ ಮಾಡಿಸುತ್ತಿರುವವರನ್ನು ಕೇಳಿದರೆ ಯಾರಿಗೆ ರೆಸ್ಯೂಮೆ ಕೊಡಬೇಕು ಅಂತ ಹೇಳುತ್ತಾರೆ. ಇನ್ನೊಂದು ದಾರಿ, ಅದೇ ಕಂಪನಿಯಲ್ಲಿ ಈಗ ಇರೋ ಗೆಳೆಯರು. ಪರಿಚಯಿಸಿದವರಿಗೆ ಬೋನಸ್ ಕೊಡೋ ಕಂಪನಿಗಳು ಬಹಳ ಇವೆ. ಹಾಗಾಗಿ ಕೇಳೋಕೆ ಸಂಕೋಚ ಬೇಡ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗಾಗಿ ಕೊಡೋ 371(ಜೆ) ಸರ್ಟಿಫಿಕೇಟ್ ಲಗತ್ತಿಸಲಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅದು ಸರ್ಕಾರಿ ನೇಮಕಾತಿಗೆ ಮತ್ತು ಕಾಲೇಜು ಸೀಟಿಗೆ. ಖಾಸಗಿ ಅಂಗಡಿಗೆ ಅದರ ಲೆಕ್ಕ ಇಲ್ಲ.

ಇನ್ನು ಒಂದು ಎಚ್ಚರಿಕೆ. ರಿಜಿಸ್ಟ್ರೇಷನ್ ಫೀ, ಯೂನಿಫಾರ್ಮ್ ಡಿಪಾಸಿಟ್, ಟ್ರೈನಿಂಗ್ ಕಿಟ್ ಅಂತ ಯಾರಾದರೂ ಕೆಲಸಕ್ಕೆ ಮೊದಲೇ ದುಡ್ಡು ಕೇಳಿದರೆ ಅದು ಮೋಸ. ದೊಡ್ಡ ಬ್ರ್ಯಾಂಡಿನ ಲೋಗೋ ಹಾಕಿದ ಆಫರ್ ಲೆಟರ್ ಜಿಮೇಲ್‌ನಿಂದ ಬಂದರೂ ಅಷ್ಟೇ. ದುಡ್ಡು ಹೋಗೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ರೆಸ್ಯೂಮೆ: ಒಂದೇ ಪುಟ, ಆದರೆ ಅಂಕಿ ಇರಲಿ

‘ಸೇಲ್ಸ್ ಮತ್ತು ಕಸ್ಟಮರ್ ಸರ್ವಿಸ್ ನೋಡಿಕೊಂಡಿದ್ದೇನೆ’ ಅಂತ ನೂರು ಜನ ಬರೆಯುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ‘9 ಜನರ ತಂಡ, ದಿನಕ್ಕೆ ಸರಾಸರಿ 130 ಬಿಲ್, ಮಕ್ಕಳ ಬಟ್ಟೆ ವಿಭಾಗದ ಸ್ಟಾಕ್ ಎಣಿಕೆ ತಿಂಗಳಿಗೆ ಎರಡು ಬಾರಿ.’ ಸುಳ್ಳು ಅಂಕಿ ಬೇಡ. ಮುಂದಿನ ಸುತ್ತಿನಲ್ಲಿ ಅದೇ ಅಂಕಿಯನ್ನು ಹಿಡಿದು ಜಗ್ಗುತ್ತಾರೆ.

ಮನೆಯ ಅಂಗಡಿಯಲ್ಲಿ ಕೆಲಸ ಮಾಡಿದ್ದರೆ ಅದನ್ನೂ ಬರೆಯಿರಿ. ನಾಚಿಕೆ ಯಾಕೆ? ಅಪ್ಪನ ಕಿರಾಣಿ, ಮಾವನ ಜೀನ್ಸ್ ಯುನಿಟ್, ಎಪಿಎಂಸಿಯಲ್ಲಿ ಚಿಕ್ಕಪ್ಪನ ದಲಾಲಿ ಅಂಗಡಿ ಎಲ್ಲವೂ ಅನುಭವವೇ. ‘ಕುಟುಂಬದ ದಿನಸಿ ಅಂಗಡಿ, 4 ವರ್ಷ, ಖರೀದಿ ಮತ್ತು ದಿನದ ಕ್ಯಾಶ್ ಲೆಕ್ಕ’ ಅಂತ ಒಂದೇ ಸಾಲು ಸಾಕು.

ಭಾಷೆಗಳ ಸಾಲನ್ನು ಸುಮ್ನೆ ತುಂಬಿಸಬೇಡಿ, ಅದು ನಮ್ಮ ಭಾಗದವರ ದೊಡ್ಡ ಆಸ್ತಿ. ಬಳ್ಳಾರಿಯ ಕೌಂಟರಿನಲ್ಲಿ ಒಂದು ಗಂಟೆ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ರಾಯಚೂರೂ ಹಾಗೇ. ಬೆಂಗಳೂರಲ್ಲಿ ಕೂತ ಎಚ್‌ಆರ್‌ಗೆ, ಅಂದರೆ ನೇಮಕಾತಿ ನೋಡುವವರಿಗೆ, ಇದು ಗೊತ್ತಿರಲ್ಲ. ನೀವು ತಿಳಿಸಬೇಕು. ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ ರೆಸ್ಯೂಮೆಯಲ್ಲಿ ಬೇಡವೇ ಬೇಡ.

ಫೋನ್ ಸುತ್ತು

ಹತ್ತು ನಿಮಿಷದ ಮಾತು. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು ದಿನ, ಭಾನುವಾರ ಕೆಲಸ ಮಾಡ್ತೀರಾ, ಬೇರೆ ಊರಿಗೆ ಹೋಗ್ತೀರಾ. ಇಷ್ಟೇ. ರಾಯಲ್ ಸರ್ಕಲ್ ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ಕೂತು ಉತ್ತರ ಕೊಡಬೇಡಿ. ‘ಹದಿನೈದು ನಿಮಿಷ ಬಿಟ್ಟು ನಾನೇ ಮಾಡಲಾ?’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಊರು ಬಿಡೋ ಪ್ರಶ್ನೆಗೆ ನಿಜ ಹೇಳಿ. ಬಳ್ಳಾರಿಯಲ್ಲಿ ಇಂಟರ್‌ವ್ಯೂ ಮಾಡಿ ಹೊಸಪೇಟೆಗೋ ಗಂಗಾವತಿಗೋ ಹಾಕೋದು ಮಾಮೂಲು. ಬಳ್ಳಾರಿಯಿಂದ ಹೊಸಪೇಟೆ ಸುಮಾರು 60 ಕಿಲೋಮೀಟರ್. ದಿನಾ ಹೋಗಿಬರಬಹುದು ಅನ್ನಿಸುತ್ತೆ ಅಲ್ವಾ? ರಾತ್ರಿ ಹತ್ತಕ್ಕೆ ಕ್ಯಾಶ್ ಲೆಕ್ಕ ಮುಗಿಸಿ ಶಟರ್ ಎಳೆದು ಹೊರಗೆ ಬಂದು ನೋಡಿ, ಆಗ ಗೊತ್ತಾಗುತ್ತೆ. ಹೆಣ್ಣುಮಕ್ಕಳು ಈ ಸುತ್ತಿನಲ್ಲೇ ಕೇಳಿಬಿಡಿ: ಕ್ಲೋಸಿಂಗ್ ಶಿಫ್ಟ್ ವಾರಕ್ಕೆ ಎಷ್ಟು, ರಾತ್ರಿ ಮನೆಗೆ ಬಿಡೋ ವ್ಯವಸ್ಥೆ ಇದೆಯಾ? ಇದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸೋ ಕಂಪನಿ ಮುಂದೆ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಆನ್‌ಲೈನ್ ಪರೀಕ್ಷೆ

ಎಲ್ಲ ಕಂಪನಿಯಲ್ಲೂ ಇರಲ್ಲ. ಇದ್ದರೆ ಎರಡು ಭಾಗ. ಒಂದು ಲೆಕ್ಕ. ಶೇ. 20 ರಿಯಾಯಿತಿ, ಅದರ ಮೇಲೆ ಮತ್ತೆ ಶೇ. 10 ಅಂದರೆ ಒಟ್ಟು ಎಷ್ಟು? 30 ಅಲ್ಲ, 28. ನೂರು ರೂಪಾಯಿ ಮೊದಲು 80 ಆಗುತ್ತದೆ, ಆಮೇಲೆ 72. ಇನ್ನೊಂದು ಹಳೇ ಬಲೆ: 80ಕ್ಕೆ ತಂದು 100ಕ್ಕೆ ಮಾರಿದರೆ ಮಾರ್ಜಿನ್ ಶೇ. 20, ಮಾರ್ಕಪ್ ಶೇ. 25. ಮೊದಲನೆಯದು ಮಾರಿದ ಬೆಲೆಯ ಮೇಲಿನ ಲೆಕ್ಕ, ಎರಡನೆಯದು ಕೊಂಡ ಬೆಲೆಯ ಮೇಲಿನದು. ನಮ್ಮ ಅಂಗಡಿಗಳಲ್ಲಿ ಎರಡನ್ನೂ ‘ಲಾಭ’ ಅಂದುಬಿಡುತ್ತೇವೆ, ಅದಕ್ಕೇ ಇಲ್ಲಿ ಎಡವುತ್ತೇವೆ.

ಎರಡನೇ ಭಾಗ ಸ್ವಭಾವದ ಪ್ರಶ್ನೆಗಳು. ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ. ‘ನನಗೆ ಯಾವತ್ತೂ ಸಿಟ್ಟು ಬಂದಿಲ್ಲ’ ಅನ್ನೋದಕ್ಕೆ ಹೌದು ಅಂತ ಒತ್ತಬೇಡಿ. ಯಾರೂ ನಂಬಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಂದೆ ಹೋಗಿ.

ಇಂಟರ್‌ವ್ಯೂಗೆ ಮೊದಲು ಆ ಅಂಗಡಿಗೆ ಹೋಗಿ ಬನ್ನಿ

ಇದು ಯಾರೂ ಹೇಳಿಕೊಡದ ಸುತ್ತು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಎರಡು ಸಲ ಹೋಗಿ. ವಾರದ ಮಧ್ಯೆ ಒಂದು ಮಧ್ಯಾಹ್ನ ಮೂರಕ್ಕೆ, ಭಾನುವಾರ ಸಂಜೆ ಏಳಕ್ಕೆ ಇನ್ನೊಂದು ಸಲ. ಏನಾದರೂ ಚಿಕ್ಕದು ಕೊಳ್ಳಿ, ಒಂದು ಜೊತೆ ಸಾಕ್ಸ್ ಆದರೂ ಸರಿ. ಫೋಟೋ ತೆಗೆಯಬೇಡಿ, ಕಣ್ಣಲ್ಲೇ ನೋಡಿ. ಎಷ್ಟು ಕೌಂಟರ್ ಇವೆ, ಎಷ್ಟು ತೆರೆದಿವೆ? ಸಾಲಿನಲ್ಲಿ ಎಷ್ಟು ಹೊತ್ತು ನಿಂತಿರಿ? ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಏನು ಇಟ್ಟಿದ್ದಾರೆ? ಶೆಲ್ಫ್ ಮೇಲಿನ ಬೆಲೆ, ಬಿಲ್ಲಿನ ಬೆಲೆ ಒಂದೇನಾ? 32 ಸೈಜಿನ ಪ್ಯಾಂಟ್ ಕೇಳಿ ನೋಡಿ. ‘ಅಲ್ಲೇ ಇದೆ ನೋಡಿ’ ಅಂತ ಕೈ ತೋರಿಸಿದರಾ, ಬಂದು ತೆಗೆದುಕೊಟ್ಟರಾ? ಟ್ರಯಲ್ ರೂಮಿನ ಹೊರಗೆ ಬಟ್ಟೆ ಗುಡ್ಡೆ ಬಿದ್ದಿದೆಯಾ?

ನಾನು ಮೂರನೇ ಕಂಪನಿಗೆ ಹೋಗೋ ಮೊದಲು ಹೀಗೇ ಹೋಗಿದ್ದೆ. ಭಾನುವಾರ ಸಂಜೆ. ಒಬ್ಬ ಅಜ್ಜಿ ಮೊಮ್ಮಗಳಿಗೆ ಫ್ರಾಕ್ ಆರಿಸಿಕೊಂಡು ಸಾಲಿನಲ್ಲಿ ನಿಂತಿದ್ದರು. ನಾಲ್ಕು ಕೌಂಟರಿನಲ್ಲಿ ಎರಡು ಮುಚ್ಚಿದ್ದವು. ಅಜ್ಜಿ ಒಂದಷ್ಟು ಹೊತ್ತು ನಿಂತರು, ಆಮೇಲೆ ಫ್ರಾಕನ್ನು ಪಕ್ಕದ ಚಾಕೊಲೇಟ್ ಡಬ್ಬದ ಮೇಲೆ ಮಡಚಿ ಇಟ್ಟು ಹೊರಟುಹೋದರು. ಹನ್ನೆರಡು ನಿಮಿಷ ಅಂತ ನನ್ನ ವಾಚ್ ತೋರಿಸಿತು. ಇಂಟರ್‌ವ್ಯೂನಲ್ಲಿ ‘ನಮ್ಮ ಅಂಗಡಿಯಲ್ಲಿ ಏನು ಸರಿಪಡಿಸ್ತೀರಿ?’ ಅಂತ ಕೇಳಿದಾಗ ನಾನು ಆ ಫ್ರಾಕಿನ ಕತೆ ಹೇಳಿದೆ. ಅವರು ಪೆನ್ ಕೆಳಗಿಟ್ಟು ಕೇಳಿದರು.

ಕಂಪನಿ ಬಗ್ಗೆಯೂ ಸ್ವಲ್ಪ ಓದಿಕೊಳ್ಳಿ. ‘ನಿಮ್ಮದು ತುಂಬಾ ದೊಡ್ಡ ಕಂಪನಿ’ ಅನ್ನೋದು ಉತ್ತರ ಅಲ್ಲ. ಜೂಡಿಯೊ ಟಾಟಾ ಗುಂಪಿನ ಟ್ರೆಂಟ್ ಕಂಪನಿಯದು, ಅಲ್ಲಿ ಸಿಗೋದು ಅವರದೇ ಬ್ರ್ಯಾಂಡ್. ಡಿಮಾರ್ಟ್ ಹೆಚ್ಚಾಗಿ ಬಾಡಿಗೆ ಕಟ್ಟಡ ಹಿಡಿಯದೆ ಸ್ವಂತ ಕಟ್ಟಡದಲ್ಲೇ ಅಂಗಡಿ ನಡೆಸುತ್ತದೆ, ಬೆಲೆ ಕಮ್ಮಿ ಇಡೋಕೆ ಅದೂ ಒಂದು ಕಾರಣ. ಇಂಥದ್ದು ಒಂದೆರಡು ಗೊತ್ತಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಅಂಗಡಿಯ ನಾಲ್ಕು ಅಂಕಿ

ಇದನ್ನು ಬಾಯಿಪಾಠ ಮಾಡಬೇಡಿ, ಒಂದು ಸಲ ಕೈಯಾರೆ ಲೆಕ್ಕ ಹಾಕಿ. ಒಂದು ದಿನ ಅಂಗಡಿಯೊಳಗೆ 400 ಜನ ಬಂದರು. ಇದು ಫುಟ್‌ಫಾಲ್. ಅದರಲ್ಲಿ 120 ಬಿಲ್ ಆಯಿತು. 120ನ್ನು 400ರಿಂದ ಭಾಗಿಸಿದರೆ ಶೇ. 30, ಇದು ಕನ್ವರ್ಷನ್. ಒಟ್ಟು ಮಾರಾಟ 1,44,000 ರೂಪಾಯಿ. ಬಿಲ್ಲಿಗೆ ಸರಾಸರಿ 1,200. ಒಟ್ಟು 240 ಬಟ್ಟೆ ಹೋಗಿದ್ದರೆ ಒಂದು ಬಿಲ್ಲಿಗೆ ಎರಡು ಪೀಸ್.

ಈಗ ಮ್ಯಾನೇಜರ್ ತಲೆ ಓಡಿಸಿ. ಅಜ್ಜಿಯ ಹಾಗೆ ವಾಪಸ್ ಹೋದವರಲ್ಲಿ ಬರೀ 20 ಜನ ಕೊಂಡಿದ್ದರೆ? 140 ಬಿಲ್, 1,68,000 ರೂಪಾಯಿ. ಒಂದೇ ದಿನಕ್ಕೆ 24,000 ಜಾಸ್ತಿ. ಹೊಸ ಜಾಹೀರಾತು ಬೇಡ, ಹೊಸ ಗಿರಾಕಿ ಬೇಡ, ಇನ್ನೊಂದು ಕೌಂಟರ್ ತೆರೆದರೆ ಆಯಿತು. ಹೀಗೆ ಮಾತಾಡುವವರನ್ನು ಏರಿಯಾ ಮ್ಯಾನೇಜರ್‌ಗಳು ಹುಡುಕುತ್ತಿರುತ್ತಾರೆ.

ಐದನೆಯದೂ ಒಂದಿದೆ, ಶ್ರಿಂಕೇಜ್. ಕಂಪ್ಯೂಟರಿನಲ್ಲಿ ಇರೋ ಸ್ಟಾಕ್, ಆದರೆ ಶೆಲ್ಫಿನಲ್ಲಿ ಇಲ್ಲ. ಎಲ್ಲರೂ ಕೂಡಲೇ ‘ಕಳ್ಳತನ’ ಅನ್ನುತ್ತಾರೆ. ಅದೊಂದೇ ಅಲ್ಲ. ಲಾರಿಯಲ್ಲಿ ಬಂದ ಬಾಕ್ಸನ್ನು ಎಣಿಸದೆ ಸಹಿ ಹಾಕಿರಬಹುದು, ತಪ್ಪು ಬಾರ್‌ಕೋಡ್ ಹೊಡೆದಿರಬಹುದು, ಒಡೆದ ಮಾಲನ್ನು ಬರೆದಿಡದೆ ಇರಬಹುದು. ಈ ಮೂರನ್ನೂ ಹೇಳಿದಿರಾದರೆ ನೀವು ಗೋಡೌನ್ ನೋಡಿದವರು ಅಂತ ಅವರಿಗೆ ಗೊತ್ತಾಗುತ್ತದೆ.

ಏರಿಯಾ ಮ್ಯಾನೇಜರ್ ಸುತ್ತು

ಇದೇ ದೊಡ್ಡದು. ಇಲ್ಲಿ ಕೇಳೋದೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆ: ನಾನು ಬೆಂಗಳೂರಲ್ಲೋ ಹೈದರಾಬಾದಲ್ಲೋ ಇರುವಾಗ ಈ ಅಂಗಡಿಯ ಬೀಗದ ಕೈ ನಿಮ್ಮ ಕೈಗೆ ಕೊಟ್ಟು ನೆಮ್ಮದಿಯಾಗಿ ಮಲಗಬಹುದಾ?

ಒಂದು ಉದಾಹರಣೆ ನೋಡಿ. ‘ದಸರಾ ಹಿಂದಿನ ಶನಿವಾರ. ರಾತ್ರಿ ಕ್ಯಾಶ್‌ನಲ್ಲಿ 1,840 ರೂಪಾಯಿ ಕಡಿಮೆ. ಏನು ಮಾಡ್ತೀರಿ?’

ಕಿರಾಣಿ ಅಂಗಡಿಯಿಂದ ಬಂದ ನನ್ನ ಮೊದಲ ಉತ್ತರ, ‘ನನ್ನ ಜೇಬಿನಿಂದ ಹಾಕಿ ಸರಿ ಮಾಡ್ತೀನಿ ಸರ್.’ ಪ್ರಾಮಾಣಿಕತೆ ತೋರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರ ಮುಖ ಗಂಟಾಯಿತು. ಮನೆಯ ಗಲ್ಲಾದಲ್ಲಿ ಅದು ಸರಿ. ಕಂಪನಿಯಲ್ಲಿ ಅದು ತಪ್ಪನ್ನು ಮುಚ್ಚಿಟ್ಟ ಹಾಗೆ. ಇವತ್ತು 1,840 ಹಾಕಿದವನು ನಾಳೆ 1,840 ಜಾಸ್ತಿ ಬಂದರೆ ಜೇಬಿಗೆ ಹಾಕಿಕೊಳ್ಳಲ್ಲ ಅಂತ ಏನು ಗ್ಯಾರಂಟಿ?

ಸರಿಯಾದ ದಾರಿ ಹೀಗಿದೆ. ದಿನದ ಲೆಕ್ಕ ಮುಚ್ಚದೆ ಇಬ್ಬರು ಕೂತು ಮತ್ತೆ ಎಣಿಸಬೇಕು. ಯುಪಿಐ, ಕಾರ್ಡ್ ಮೆಷಿನ್ನಿನ ಮೊತ್ತ ತಾಳೆ ನೋಡಬೇಕು. ಎಷ್ಟೋ ಸಲ ಗಿರಾಕಿ ಫೋನ್‌ಪೇ ಮಾಡಿರುತ್ತಾನೆ, ಹುಡುಗ ಗಡಿಬಿಡಿಯಲ್ಲಿ ‘ಕ್ಯಾಶ್’ ಅಂತ ಒತ್ತಿರುತ್ತಾನೆ. ರದ್ದಾದ ಬಿಲ್, ವಾಪಸ್ ಬಂದ ಮಾಲು ನೋಡಬೇಕು. ಆಗಲೂ ಸಿಗದಿದ್ದರೆ ಕೊರತೆಯನ್ನು ಕೊರತೆ ಅಂತಲೇ ಬರೆದು, ಆ ರಾತ್ರಿಯೇ ಮೇಲಿನವರಿಗೆ ಮೆಸೇಜ್ ಹಾಕಬೇಕು. ಆ ಹುಡುಗನನ್ನು ಎಲ್ಲರ ಮುಂದೆ ಕಳ್ಳ ಅನ್ನಬಾರದು.

ಗಲ್ಲಾ ಮುಂದೆ ಕಲಿತದ್ದನ್ನು ತನ್ನಿ, ಗಲ್ಲಾದ ಅಭ್ಯಾಸಗಳನ್ನು ಬಿಟ್ಟು ಬನ್ನಿ ಅಂತ ನಾನು ಹೊಸಬರಿಗೆ ಹೇಳೋದು ಇದಕ್ಕೇ. ಉದ್ರಿ ಕೊಡೋದು, ಪರಿಚಯದವರಿಗೆ ಹತ್ತು ರೂಪಾಯಿ ಬಿಡೋದು, ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳೋದು, ಇವು ಯಾವುವೂ ಇಲ್ಲಿ ನಡೆಯಲ್ಲ.

ಆದರೆ ಗಿರಾಕಿಯ ಕಾಲಮಾನ ಗೊತ್ತಿರೋದು ಇದೆಯಲ್ಲ, ಅದು ಚಿನ್ನ. ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಭತ್ತದ ದುಡ್ಡು ಕೈಗೆ ಬಂದಾಗ ಸೀರೆ, ಮಿಕ್ಸಿ ಎರಡೂ ಓಡುತ್ತವೆ. ಉಕ್ಕಿನ ಕಾರ್ಖಾನೆ ಇರೋ ತೋರಣಗಲ್ ಕಡೆ ತಿಂಗಳ ಮೊದಲ ವಾರ ಸಂಬಳದ ವಾರ. ಕೊಪ್ಪಳದಲ್ಲಿ ಜನವರಿಯ ಗವಿಮಠದ ಜಾತ್ರೆ ಹೊತ್ತಿಗೆ ಊರೇ ತುಂಬಿರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಅದಕ್ಕೇ ರಿಯಾಯಿತಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಅಲ್ಲ, ನಾವು ಅಂಗಡಿಯವರೂ ನೀರಿನ ಮಟ್ಟ ನೋಡುತ್ತಾ ಕೂತಿದ್ದೆವು. ಕಾಲುವೆಗೆ ನೀರು ಬಂದರೆ ತಾನೆ ಕೌಂಟರಿಗೆ ದುಡ್ಡು! ಬೆಂಗಳೂರಿನ ಕ್ಯಾಲೆಂಡರ್ ಇಟ್ಟುಕೊಂಡು ಸ್ಟಾಕ್ ಕಳಿಸೋ ಕಂಪನಿಗೆ ಇದನ್ನು ಹೇಳುವವರು ಬೇಕು.

ಇನ್ನು ಆ ಹದಿನಾಲ್ಕು ಜನರ ಪ್ರಶ್ನೆ. ಎರಡು ವರ್ಷ ಆದಮೇಲೆ ಬೇರೆ ಕಂಪನಿಯಲ್ಲಿ ಹೆಚ್ಚು ಕಡಿಮೆ ಅದೇ ಪ್ರಶ್ನೆ ಬಂತು. ಈ ಸಲ ಹೇಳಿದೆ: ವಾರದ ರಜೆಗಳನ್ನೆಲ್ಲ ಸೋಮವಾರದಿಂದ ಗುರುವಾರದೊಳಗೆ ಹಂಚುತ್ತೇನೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಫ್ಲೋರಿನಲ್ಲಿ, ಅಂದರೆ ಗಿರಾಕಿಗಳ ಮುಂದೆ, ನಾಲ್ಕೇ ಜನ, ಉಳಿದವರು ಹಿಂದೆ ಬಾಕ್ಸ್ ಬಿಚ್ಚಿ ಟ್ಯಾಗ್ ಹಾಕೋದು, ಸ್ಟಾಕ್ ಎಣಿಸೋದು, ಸರದಿಯಲ್ಲಿ ಊಟ. ಐದಕ್ಕೆ ಎಲ್ಲರೂ ಫ್ಲೋರಿಗೆ. ಶನಿವಾರ, ಭಾನುವಾರ ಸಂಜೆಗೆ ಕಾಲೇಜು ಹುಡುಗರನ್ನು ಪಾರ್ಟ್‌ಟೈಮ್ ತೆಗೆದುಕೊಳ್ಳುತ್ತೇನೆ. ಜೊತೆಗೆ ಒಂದು ಮಾತು ಸೇರಿಸಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಸ್ಟಾಫ್‌ಗೆ ಮಾಮೂಲಿ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಲೇಬೇಕು, ಡ್ಯೂಟಿ ಪಟ್ಟಿ ಇದರೊಳಗೇ ಕೂರುತ್ತದೆ ಅಂತ. ಕೆಲಸ ಸಿಕ್ಕಿತು. ಒಂದು ತಮಾಷೆ ಅಂದರೆ, ಮ್ಯಾನೇಜರ್ ಸ್ಥಾನದಲ್ಲಿರುವವರಿಗೆ ಆ ಕಾಯ್ದೆ ಅನ್ವಯಿಸಲ್ಲ. ನಮ್ಮ ಗಂಟೆಗಳಿಗೆ ನಾವೇ ಕಾವಲು.

ಬಟ್ಟೆ ಅಂಗಡಿಗೆ ಹೋಗುವವರು ಜಿಎಸ್‌ಟಿಯನ್ನೂ ಒಮ್ಮೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿಗೆ 2,500 ರೂಪಾಯಿವರೆಗಿನ ಬಟ್ಟೆಗೆ ಶೇ. 5, ಅದಕ್ಕೂ ಮೇಲೆ ಶೇ. 18. ನನ್ನ ಮುಂದೆ ಕೂತವರಿಗೆ ನಾನೇ ಕೇಳುತ್ತೇನೆ. ಗೊತ್ತಿಲ್ಲದವರೇ ಜಾಸ್ತಿ.

ಫ್ಲೋರ್ ಟ್ರಯಲ್

ಕೆಲವು ಕಡೆ ಅರ್ಧ ದಿನ ಅಂಗಡಿಯಲ್ಲಿ ನಿಲ್ಲಿಸುತ್ತಾರೆ. ಇಲ್ಲಿ ಆರ್ಡರ್ ಮಾಡೋಕೆ ಹೋಗಬೇಡಿ. ಬಿದ್ದ ಹ್ಯಾಂಗರ್ ಎತ್ತಿಡಿ. ಸ್ಟಾಫ್ ಹೆಸರು ಕೇಳಿ, ಹೆಸರು ಹಿಡಿದು ಮಾತಾಡಿಸಿ. ಸಾಯಂಕಾಲ ಅವರನ್ನೇ ಕೇಳುತ್ತಾರೆ, ‘ಹೆಂಗಿದ್ದಾನೆ ಈ ಮನುಷ್ಯ?’ ಅಂತ. ಅರ್ಧ ದಿನ, ಹೆಚ್ಚೆಂದರೆ ಒಂದು ದಿನ ಸರಿ. ಒಂದು ವಾರ ಪುಕ್ಕಟೆ ದುಡಿದು ತೋರಿಸಿ ಅಂದರೆ ಅದು ಪರೀಕ್ಷೆ ಅಲ್ಲ. ಕೂಲಿ ಎಷ್ಟು ಅಂತ ಕೇಳಿ.

ಬೆಂಗಳೂರಿನ ಸುತ್ತು

ಒಂದು ಕಂಪನಿ ನನ್ನನ್ನು ಕೊನೆಯ ಸುತ್ತಿಗೆ ಅಂತ ಬೆಂಗಳೂರಿಗೆ ಕರೆಯಿತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು, ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲೇ ಶರ್ಟ್ ಬದಲಿಸಿ ಹೋದೆ. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಮುಂದಿನ ವಾರ ಬನ್ನಿ.’ ಹೋದೆ. ಹತ್ತು ನಿಮಿಷ ಮಾತಾಡಿದರು, ಇನ್ನೊಬ್ಬರು ನೋಡಬೇಕು ಅಂದರು. ಮೂರನೇ ಸಲವೂ ಹೋದೆ. ಆಮೇಲೆ ಫೋನೂ ಇಲ್ಲ, ಮೇಲೂ ಇಲ್ಲ. ಮೂರು ರಾತ್ರಿ ನಿದ್ದೆ, ಮೂರು ದಿನದ ಸಂಬಳ ಹೋದವು.

ಅದಕ್ಕೇ ಈಗ ಹೇಳೋದು: ಹೊರಡೋ ಮೊದಲು ಮೇಲ್ ಹಾಕಿ ಕೇಳಿ. ಇದೇ ಕೊನೆಯ ಸುತ್ತಾ? ಯಾರು ನೋಡುತ್ತಾರೆ, ಎಷ್ಟು ಗಂಟೆಗೆ? ವಿಡಿಯೋ ಕಾಲ್‌ನಲ್ಲಿ ಆಗುತ್ತದಾ? ಪ್ರಯಾಣ ಖರ್ಚು ಕೊಡುತ್ತೀರಾ? ಉತ್ತರ ಬರೆದು ಕಳಿಸಿದ ಮೇಲೆ ಟಿಕೆಟ್ ಮಾಡಿ. ಸುತ್ತು ಮುಗಿದು ಐದು ಕೆಲಸದ ದಿನ ಆದರೂ ಸುದ್ದಿ ಇಲ್ಲದಿದ್ದರೆ ಒಂದು ಮೇಲ್, ಇನ್ನೊಂದು ವಾರಕ್ಕೆ ಇನ್ನೊಂದು. ಆಮೇಲೆ ಬಿಟ್ಟುಬಿಡಿ. ಅಷ್ಟರೊಳಗೆ ಬೇರೆ ಎರಡು ಕಡೆ ಅರ್ಜಿ ಹೋಗಿರಲಿ.

ಇಂಗ್ಲಿಷ್ ಬಗ್ಗೆ ಭಯ ಇದ್ದರೆ ‘ನಿಮ್ಮ ಬಗ್ಗೆ ಹೇಳಿ’ ಅನ್ನೋದಕ್ಕೆ ಎರಡು ನಿಮಿಷದ ಉತ್ತರ ಮಾತ್ರ ಗಟ್ಟಿಯಾಗಿ ತಯಾರಿ ಮಾಡಿಕೊಳ್ಳಿ. ಉಳಿದದ್ದು ಅರ್ಧ ಇಂಗ್ಲಿಷ್, ಅರ್ಧ ಹಿಂದಿ, ನಡುವೆ ಕನ್ನಡ ಆದರೂ ನಡೆಯುತ್ತದೆ. ಅಂಕಿಗೆ ಭಾಷೆ ಬೇಕಿಲ್ಲ.

ಸಂಬಳ: 30 ಸಾವಿರ ಅಂದರೆ ಕೈಗೆ ಎಷ್ಟು?

ಎಚ್‌ಆರ್ ಹೇಳೋದು ಸಿಟಿಸಿ, ಅಂದರೆ ಕಂಪನಿಗೆ ನಿಮ್ಮ ಮೇಲೆ ಬೀಳೋ ಒಟ್ಟು ಖರ್ಚು. ವರ್ಷಕ್ಕೆ 3,60,000 ಅಂದರೆ ತಿಂಗಳಿಗೆ 30,000 ಅಂತ ಮನೆಯಲ್ಲಿ ಹೇಳಿಬಿಡಬೇಡಿ. ಬೇಸಿಕ್ 15,000 ಅಂತ ಇಟ್ಟುಕೊಳ್ಳೋಣ. ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,800. ಗ್ರ್ಯಾಚುಟಿಗೆ (ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡೋ ಹಣ) ಬೇಸಿಕ್‌ನ ಶೇ. 4.81, ಅಂದರೆ ಸುಮಾರು 722. ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗೋ ಇನ್ಸೆಂಟಿವ್ 3,000 ಅಂತ ಸೇರಿಸಿರುತ್ತಾರೆ. ಇವನ್ನು ಕಳೆದರೆ 24,478. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ಕೈಗೆ 22,678. ತಿಂಗಳ ಸಂಬಳ 25,000 ಮುಟ್ಟಿದರೆ ಕರ್ನಾಟಕದಲ್ಲಿ ವೃತ್ತಿ ತೆರಿಗೆಯೂ ಇದೆ, ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300.

ಆದ್ದರಿಂದ ಕೇಳಬೇಕಾದ್ದು ಇದು: ‘ಫಿಕ್ಸೆಡ್ ಎಷ್ಟು, ಕೈಗೆ ಎಷ್ಟು? ಕಳೆದ ಆರು ತಿಂಗಳಲ್ಲಿ ಈ ಅಂಗಡಿಗೆ ಇನ್ಸೆಂಟಿವ್ ಎಷ್ಟು ಸಲ ಬಂದಿದೆ?’ ಎರಡನೇ ಪ್ರಶ್ನೆ ಕೇಳಿದಾಗ ಎಚ್‌ಆರ್ ಸ್ವಲ್ಪ ಹೊತ್ತು ಸುಮ್ಮನಾದರೆ ನಿಮಗೆ ಉತ್ತರ ಸಿಕ್ಕಿತು. ಪ್ರೊಬೇಷನ್ ಎಷ್ಟು ತಿಂಗಳು, ಟ್ರೈನಿಂಗ್ ಯಾವ ಊರಲ್ಲಿ, ಅಲ್ಲಿ ಉಳಿಯೋ ಖರ್ಚು ಯಾರದು, ಇಷ್ಟು ದಿನ ಕೆಲಸ ಬಿಡಲ್ಲ ಅನ್ನೋ ಬಾಂಡ್ ಇದೆಯಾ, ವರ್ಗಾವಣೆ ಎಲ್ಲಿವರೆಗೆ, ಇವನ್ನೂ ಇಲ್ಲೇ ಕೇಳಿ. ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಕಾಗದ ಪತ್ರ

ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ, ಅಂದರೆ ಕಂಪನಿ ನಿಮ್ಮ ದಾಖಲೆ ತಾಳೆ ನೋಡುವಾಗ, ನಮ್ಮ ಕಡೆಯವರು ಸಿಕ್ಕಿಬೀಳೋದು ಸುಳ್ಳಿನಿಂದಲ್ಲ, ಹೆಸರಿನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಮುಂದೆ, ಪ್ಯಾನ್‌ನಲ್ಲಿ ಮನೆತನದ ಹೆಸರು ಹಿಂದೆ. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿ ಹಾಕೋ ತಿಂಗಳಲ್ಲೇ ಇದನ್ನು ಸರಿ ಮಾಡಿಸೋಕೆ ಶುರು ಮಾಡಿ. ಹಳೇ ಕೆಲಸದ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಫೋಲ್ಡರಿನಲ್ಲಿರಲಿ. ಪಿಎಫ್ ಕಟ್ಟಿದ ಕಡೆಯೆಲ್ಲ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನೋದು ಆ ಖಾತೆಯಲ್ಲಿ ಕಾಣುತ್ತದೆ. ಹಾಗಾಗಿ ಎಂಟು ತಿಂಗಳನ್ನು ಎರಡು ವರ್ಷ ಮಾಡೋ ಉಪಾಯ ಬೇಡ.

ಆಫರ್ ಲೆಟರ್ ಕಂಪನಿಯ ಮೇಲ್‌ನಿಂದ ಬಂದು, ಸಂಬಳ, ಊರು, ಸೇರೋ ದಿನ ಮೂರೂ ಅದರಲ್ಲಿ ಇದ್ದ ಮೇಲೆ ಮಾತ್ರ ಹಳೇ ಕೆಲಸಕ್ಕೆ ರಾಜೀನಾಮೆ ಕೊಡಿ. ಫೋನಿನಲ್ಲಿ ‘ನಿಮ್ದು ಕನ್ಫರ್ಮ್’ ಅಂದದ್ದನ್ನು ನಂಬಿ ಕೆಲಸ ಬಿಟ್ಟು, ಎರಡು ತಿಂಗಳು ಮನೆಯಲ್ಲಿ ಕೂತ ಗೆಳೆಯ ನನಗಿದ್ದಾನೆ.

ಸೇರೋ ದಿನ ಮೂಲ ಅಂಕಪಟ್ಟಿ ತೋರಿಸಿ, ಝೆರಾಕ್ಸ್ ಕೊಟ್ಟು, ಮೂಲ ವಾಪಸ್ ತನ್ನಿ. ‘ನಮ್ಮ ಹತ್ತಿರ ಇರಲಿ’ ಅಂದರೆ ಒಪ್ಪಬೇಡಿ. ಕಪ್ಪು ಶೂ ಬೇಕು ಅಂತ ಹೇಳಿರುತ್ತಾರೆ. ಹಿಂದಿನ ದಿನ ಹೋಗಿ ಹೊಸದು ತರಬೇಡಿ, ಒಂದು ವಾರ ಮೊದಲೇ ತಂದು ಮನೆಯಲ್ಲಿ ಹಾಕಿಕೊಂಡು ಓಡಾಡಿ. ಮೊದಲ ದಿನ ಯಾರೂ ಕೂರೋಕೆ ಬಿಡಲ್ಲ. ನನಗೆ ಸಂಜೆ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು.